ಅಕ್ಯುರೇಟೋ, ಪ್ರಿಸೈಸೋ?

ವಿದ್ಯಾರ್ಥಿಗಳ ಪ್ರಯೋಗ ಪುಸ್ತಕಗಳನ್ನು ತಿದ್ದುವಾಗ ನಾವು ಮೇಲಿಂದ ಮೇಲೆ ಕಾಣುವ ತಪ್ಪೊಂದುಂಟು: ‘ಪ್ರಿಸೈಸ್’ ಎನ್ನಬೇಕಾದಲ್ಲಿ ‘ಅಕ್ಯುರೇಟ್’ ಎಂದು ಬರೆಯುವುದು. ನಿಘಂಟುಗಳಲ್ಲಿ ಈ ಎರಡು ಇಂಗ್ಲಿಷ್ ಪದಗಳಿಗೂ ಹೆಚ್ಚುಕಡಿಮೆ ಒಂದೇ ಅರ್ಥ ದೊರೆಯುವುದರಿಂದ ಬರೆದವರನ್ನು ದೂರಿ ಫಲವಿಲ್ಲ. ಭೌತವಿಜ್ಞಾನದಲ್ಲಾದರೋ ಇವು ಬೇರೆ ಬೇರೆ. ಅಳತೆಯು ನಿಜವಾದ ಬೆಲೆಗೆ ಸಮೀಪವಾಗಿದ್ದರೆ ಅದು ಅಕ್ಯುರೇಟ್. ಮತ್ತೆ ಮತ್ತೆ ಅಳೆದಾಗ ಬರುವ ಬೆಲೆಗಳು ಒಂದಕ್ಕೊಂದು ಸಮೀಪವಾಗಿದ್ದರೆ ಪ್ರಿಸೈಸ್. ಸೊನ್ನೆಯ ತುದಿ ಸವೆದ ಅಳತೆಪಟ್ಟಿಯಿಂದ ಮೇಜನ್ನು ನೂರು ಸಲ ಅಳೆಯಿರಿ; ಉತ್ತರಗಳೆಲ್ಲ ಒಂದೇ ಆಗಿರಬಹುದು, ಆದರೆ ನೂರೂ ತಪ್ಪು!

ಇದು ಕಲಿಯುವವರಿಗಷ್ಟೇ ಮೀಸಲಾದ ತೊಡಕೆಂದು ತಿಳಿಯಬಾರದು. ಅಮೆರಿಕದ ರಾಬರ್ಟ್ ಮಿಲಿಕನ್ ಎಣ್ಣೆಯ ಸೂಕ್ಷ್ಮ ಹನಿಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ತೇಲಿಸಿ, ಎಲೆಕ್ಟ್ರಾನಿನ ಆವೇಶವನ್ನು ಅಳೆದು 1913ರಲ್ಲಿ ಪ್ರಕಟಿಸಿದನು. ಇಂದಿನ ಮಾನದಲ್ಲಿ ಅದು ಸುಮಾರು 1.592 × 10⁻¹⁹ ಕೂಲಂಬ್. ಹನಿಹನಿಯ ಉತ್ತರಗಳೂ ಚೆನ್ನಾಗಿ ಹೊಂದಿಕೊಂಡಿದ್ದುವು. ತಪ್ಪು ಸುಮಾರು ಶೇಕಡ 0.2ನ್ನು ಮೀರದೆಂದು ಅವನ ಅಂದಾಜು. ಇಂದು ಅಂಗೀಕೃತವಾಗಿರುವ ಬೆಲೆಯಲ್ಲಿ 1.592ಕ್ಕೆ ಬದಲಾಗಿ 1.602 ಇದೆ, ವ್ಯತ್ಯಾಸ ಶೇಕಡ 0.6. ಗಾಳಿಯ ಸ್ನಿಗ್ಧತೆಗೆ ಅವನು ಲೆಕ್ಕದಲ್ಲಿ ಬಳಸಿದ ಬೆಲೆ ಕೊಂಚ ಕಡಿಮೆಯಾಗಿದ್ದಿತು. ಈ ದೋಷವು ಎಲ್ಲ ಉತ್ತರಗಳನ್ನೂ ಒಂದೇ ಪಕ್ಕಕ್ಕೆ ಎಳೆಯುತ್ತಿದ್ದುದರಿಂದ, ಇನ್ನೂ ಸಾವಿರ ಹನಿಗಳನ್ನು ನೋಡಿದ್ದರೂ ಅದು ಹೊರಬೀಳುತ್ತಿರಲಿಲ್ಲ. ಸ್ಫಟಿಕಗಳ ಮೇಲಿನ ಎಕ್ಸ್‌-ಕಿರಣ ಪ್ರಯೋಗಗಳು ಬೇರೊಂದು ದಾರಿಯಿಂದ ಅದೇ ಆವೇಶವನ್ನು ಲೆಕ್ಕಹಾಕಿಕೊಟ್ಟ ಮೇಲೆ, 1930ರ ದಶಕದಲ್ಲಿ, ಗಾಳಿಯ ಸ್ನಿಗ್ಧತೆಯನ್ನು ಮತ್ತೆ ಅಳೆದು ನೋಡಿದರು.