ವಾಗ್ದಂಡನೆ: ಆಡದೆ ಉಳಿದ ಮಾತು

‘ಇಂಪೀಚ್‌ಮೆಂಟ್’ ಎಂಬುದಕ್ಕೆ ನಮ್ಮ ಪತ್ರಿಕೆಗಳು ‘ವಾಗ್ದಂಡನೆ’ ಎಂಬ ಶಬ್ದವನ್ನು ರೂಢಿಗೆ ತಂದಿವೆ. ‘ಮಹಾಭಿಯೋಗ’ ಎಂದು ಬರೆಯುವವರೂ ಉಂಟು. ಕನ್ನಡದ ಅಧ್ಯಾಪಕನಾದ ನನಗೆ ಮೊದಲನೆಯ ಶಬ್ದದಲ್ಲಿಯೇ ಹೆಚ್ಚು ಕುತೂಹಲ. ಮನುಸ್ಮೃತಿಯು ಹೇಳುವ ನಾಲ್ಕು ದಂಡಗಳಲ್ಲಿ ವಾಗ್ದಂಡವೇ ಮೊದಲನೆಯದು. ಅನಂತರ ಧಿಗ್ದಂಡ, ಧನದಂಡ, ಕೊನೆಗೆ ವಧದಂಡ. ತಪ್ಪಿದವನಿಗೆ ‘ನೀನು ಮಾಡಿದುದು ಸರಿಯಲ್ಲ’ ಎಂದು ಬಾಯಿಂದ ಹೇಳುವುದಷ್ಟೇ ವಾಗ್ದಂಡ. ಸಂವಿಧಾನದ ವಾಗ್ದಂಡನೆಯಾದರೋ ಅಷ್ಟು ಸೌಮ್ಯವಾದುದಲ್ಲ. ಅದು ಪದವಿಯಿಂದಲೇ ಇಳಿಸುತ್ತದೆ. ಆದರೂ ಅದರಲ್ಲಿ ಸೆರೆಮನೆಯಿಲ್ಲ, ಜುಲ್ಮಾನೆಯಿಲ್ಲ. ಜನರ ಪ್ರತಿನಿಧಿಗಳು ಒಂದು ಮಾತನ್ನು ಎಲ್ಲರೂ ಕೇಳುವಂತೆ ಆಡುವುದೇ ಅಲ್ಲಿಯ ಶಿಕ್ಷೆ.

ಸಕಲೇಶಪುರ, ಆಲೂರುಗಳ ಗುಡ್ಡದ ಹಳ್ಳಿಗಳಿಂದ ಬರುವ ನನ್ನ ವಿದ್ಯಾರ್ಥಿಗಳಿಗೆ ‘ಅವಿಶ್ವಾಸ’ ಹೊಸದಲ್ಲ. 1993ರ ಪಂಚಾಯತಿ ಕಾಯಿದೆಯಂತೆ ಗ್ರಾಮ ಪಂಚಾಯತಿಯ ಅರ್ಧದಷ್ಟು ಸದಸ್ಯರು ರುಜು ಹಾಕಿ ಉಪವಿಭಾಗಾಧಿಕಾರಿಗೆ ಕೊಟ್ಟು, ವಿಶೇಷ ಸಭೆಯಲ್ಲಿ ಒಟ್ಟು ಸದಸ್ಯರ ಮೂರನೆಯ ಎರಡರಷ್ಟು ಜನ ಕೈಯೆತ್ತಿದರೆ ಅಧ್ಯಕ್ಷರ ಕುರ್ಚಿ ತೆರವಾಗುತ್ತದೆ. “ದೊಡ್ಡವರನ್ನು ಇಳಿಸುವುದಕ್ಕೆ ಮಾತ್ರ ಅಷ್ಟೊಂದು ಕಟ್ಟಳೆ ಯಾಕೆ, ಸಾರ್?” ಎಂದು ಒಬ್ಬ ಹುಡುಗ ತರಗತಿಯಲ್ಲಿ ಕೇಳಿದ. ಪ್ರಶ್ನೆ ನ್ಯಾಯವಾದುದೇ.

ಉತ್ತರವಿಷ್ಟು: ಅವಿಶ್ವಾಸಕ್ಕೆ ನಂಬಿಕೆ ತಪ್ಪಿದರೆ ಸಾಕು, ವಾಗ್ದಂಡನೆಗೆ ತಪ್ಪು ಸಿದ್ಧವಾಗಬೇಕು. ರಾಷ್ಟ್ರಪತಿಯ ಮೇಲೆ ಸಂವಿಧಾನೋಲ್ಲಂಘನೆಯ ಆರೋಪ ಹೊರಿಸಲು 61ನೆಯ ಅನುಚ್ಛೇದದಂತೆ ಒಂದು ಸದನದ ನಾಲ್ಕನೆಯ ಒಂದರಷ್ಟು ಸದಸ್ಯರ ರುಜು, 14 ದಿನಗಳ ಸೂಚನೆ, ಒಟ್ಟು ಸದಸ್ಯರ ಮೂರನೆಯ ಎರಡರಷ್ಟು ಬಹುಮತ ಬೇಕು. ಇನ್ನೊಂದು ಸದನವು ವಿಚಾರಣೆ ನಡೆಸಿ ಅಷ್ಟೇ ಬಹುಮತದಿಂದ ಒಪ್ಪಬೇಕು. ನ್ಯಾಯಾಧೀಶರ ವಿಷಯದಲ್ಲಿ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರು ರುಜು ಮಾಡಬೇಕು. 1968ರ ಕಾಯಿದೆಯಂತೆ ಮೂವರ ಸಮಿತಿ ತನಿಖೆ ಮಾಡಬೇಕು. ದುರ್ವರ್ತನೆ ರುಜುವಾತಾದ ಮೇಲೆಯೇ ಸದನಗಳ ಮತ. ಜನರ ಮೆಚ್ಚಿಗೆಗೆ ಹೊರತಾಗಿ ತೀರ್ಪು ಹೇಳಬೇಕಾದವರಿಗೆ ಈ ರಕ್ಷಣೆ ಅವಶ್ಯ. ಇಲ್ಲವಾದರೆ ಅಪ್ರಿಯವಾದ ಸತ್ಯವನ್ನು ನುಡಿಯುವ ನ್ಯಾಯಾಧೀಶ ಉಳಿದಾನೆ?

ಆದರೆ ಇಷ್ಟು ಜತನದಿಂದ ಕಟ್ಟಿದ ಏರ್ಪಾಟಿನಲ್ಲಿ ಒಂದು ಕಿಂಡಿ ಉಳಿದುಬಿಟ್ಟಿದೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಪಿ. ಡಿ. ದಿನಕರನ್ ಅವರ ಮೇಲೆ ತಮಿಳುನಾಡಿನ ಜಮೀನಿನ ವಿಷಯವೇ ಮೊದಲಾದ ಆರೋಪಗಳು ಬಂದವು. ಅವರು ಅವನ್ನು ಅಲ್ಲಗಳೆದರು. 2009ರ ಡಿಸೆಂಬರಿನಲ್ಲಿ ರಾಜ್ಯಸಭೆಯ 75 ಸದಸ್ಯರು ಗೊತ್ತುವಳಿಗೆ ರುಜು ಹಾಕಿದರು. 2010ರಲ್ಲಿ ತನಿಖಾ ಸಮಿತಿ ಏರ್ಪಟ್ಟಿತು. ಅವರಿಗೆ ಸಿಕ್ಕಿಮ್ ಹೈಕೋರ್ಟಿಗೆ ವರ್ಗವಾಯಿತು. ತನಿಖೆ ಮುಗಿಯುವ ಮುನ್ನವೇ, 2011ರ ಜುಲೈನಲ್ಲಿ, ಅವರು ರಾಜೀನಾಮೆಯಿತ್ತರು. ಪದವಿಯೇ ಇಲ್ಲವೆಂದ ಮೇಲೆ ಇಳಿಸುವುದೆಲ್ಲಿಂದ? ವಿಚಾರಣೆ ಅಲ್ಲಿಗೆ ನಿಂತಿತು.

ಇತರ ಕಡೆಯೂ ಮಾತು ಪೂರ್ತಿಯಾಗಲಿಲ್ಲ. 1993ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ಪದಚ್ಯುತಿಯ ಗೊತ್ತುವಳಿಯ ಪರವಾಗಿ ಲೋಕಸಭೆಯಲ್ಲಿ 196 ಮತ ಬಿದ್ದವು. ವಿರುದ್ಧ ಒಂದೂ ಇಲ್ಲ. 205 ಸದಸ್ಯರು ತಟಸ್ಥರಾದುದರಿಂದ ಗೊತ್ತುವಳಿ ಬಿತ್ತು. 2011ರ ಆಗಸ್ಟಿನಲ್ಲಿ ಕಲ್ಕತ್ತೆಯ ನ್ಯಾಯಮೂರ್ತಿ ಸೌಮಿತ್ರ ಸೇನರ ಪದಚ್ಯುತಿಗೆ ರಾಜ್ಯಸಭೆ 189–17 ಮತಗಳಿಂದ ಒಪ್ಪಿತು; ಲೋಕಸಭೆ ಕೂಡುವುದರೊಳಗೆ ಅವರೂ ರಾಜೀನಾಮೆ ಕೊಟ್ಟರು.

ರಾಜೀನಾಮೆಯೂ ಒಂದು ಬಗೆಯ ಫಲವೇ ಎನ್ನಬಹುದು, ಪದವಿ ತೆರವಾಯಿತಲ್ಲ! ಆದರೆ ಅದರಿಂದ ಜನಕ್ಕೆ ಸತ್ಯ ತಿಳಿಯಿತೆ? ದಿನಕರನ್ ಅವರ ಪ್ರಕರಣದಲ್ಲಿ ದೂರಿದವರಿಗೆ ‘ನಿಮ್ಮ ದೂರು ನಿಜ’ ಎಂಬ ಮಾತು ಸಿಗಲಿಲ್ಲ. ದೂರಿಗೆ ಗುರಿಯಾದವರಿಗೆ ‘ನೀವು ನಿರ್ದೋಷಿ’ ಎಂಬ ಮಾತೂ ಸಿಗಲಿಲ್ಲ. ತಪ್ಪಿತಸ್ಥನಾದವನಿಗೆ ಅದು ಲಾಭ. ನಿರಪರಾಧಿಯಾದವನಿಗೆ ಜೀವಮಾನದ ಕಳಂಕ. ಸಮಿತಿಯು ಒಮ್ಮೆ ತನಿಖೆಗೆ ತೊಡಗಿದ ಮೇಲೆ, ರಾಜೀನಾಮೆ ಬಂದರೂ ಅದನ್ನು ಮುಗಿಸಿ ವರದಿಯನ್ನು ಸದನದ ಮುಂದಿಡಬೇಕೆಂದು ಶಾಸನವಾಗುವುದು ಉಚಿತವೆಂದು ನನ್ನ ಭಾವನೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಗಾದೆ ಎಚ್ಚರಿಸುತ್ತದೆ. ಆಡಬೇಕಾದ ಮಾತನ್ನು ಆಡದೆ ಬಿಟ್ಟರೂ ಹೋಗುವುದೊಂದುಂಟು; ಅದು ಜನದ ನಂಬಿಕೆ.