ಹೊಸ ಮಡ್‌ಗಾರ್ಡ್, ಹಳೆ ಬಾಗಿಲು

ತೊಗರಿಗೆ, ಹತ್ತಿಗೆ ಹೇಳಿ ಮಾಡಿಸಿದಂತಿರುವ ಜೇವರ್ಗಿಯ ಎರೆಮಣ್ಣು ಕಾರಿನ ತಗಡಿಗೆ ಬಹಳ ಕೆಟ್ಟದ್ದು. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದ ಗಾಡಿಯ ಮುಂದಿನ ಗಾಲಿ ರಾಡಿಯನ್ನೆತ್ತಿ ಮಡ್‌ಗಾರ್ಡಿನ ಒಳಮೈಗೆ ಬಡಿಯುತ್ತದೆ. ನೀರು ಕುಡಿದು ಉಬ್ಬುವ ಜೇಡಿ ಅದು. ಮೇಲೆ ಒಣಗಿ ಬಿರುಕು ಬಿಟ್ಟರೂ ಒಳಗೆ ತೇವ ಹಿಡಿದುಕೊಂಡಿರುತ್ತದೆ. ಹೆಡ್‌ಲೈಟಿನ ಹಿಂದೆ, ಬಾಗಿಲ ಮುಂದಿನ ಕೆಳಮೂಲೆಯಲ್ಲಿ, ಹೀಗೆ ಕೈ ಹೋಗದ ಕಡೆಯೇ ಜಂಗು ಹತ್ತುತ್ತದೆ. ಹೊರಗೆ ಬಣ್ಣದ ಮೇಲೆ ಗುಳ್ಳೆ ಎದ್ದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ತಗಡು ಜರಡಿಯಾಗಿರುತ್ತದೆ.

ಈ ಅಧ್ಯಾಯದಲ್ಲಿ ಅಂಬಾಸಿಡರನ್ನೇ ಉದಾಹರಣೆಗೆ ಹಿಡಿದಿದ್ದೇನೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಲ್ಲಿ ಹುಟ್ಟಿದ ಈ ಕಾರನ್ನು ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸಿತು. ನೆಲೋಗಿಯ ಧರಂ ಸಿಂಗ್ ಅವರು 1978ರಿಂದ ಜೇವರ್ಗಿಯನ್ನು ಪ್ರತಿನಿಧಿಸಿ 2004ರಲ್ಲಿ ಮುಖ್ಯಮಂತ್ರಿಯಾದ ಆ ದಶಕಗಳಲ್ಲಿ ಸರ್ಕಾರ ಊರಿಗೆ ಬಂತೆಂದರೆ ಬಿಳಿ ಅಂಬಾಸಿಡರ್ ಬಂತೆಂದೇ ಅರ್ಥ. ಅಂಥ ಗಾಡಿಗಳು ವಾಡೆಯ ಅಂಗಳದಲ್ಲಿ, ದಾಲ್ ಮಿಲ್ಲಿನ ಪಕ್ಕದಲ್ಲಿ ಕೊಳೆಯುತ್ತ ನಿಂತರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅವನ್ನು ಉಳಿಸುವ ಕೆಲಸ ನಮ್ಮ ಡೆಂಟರ್ ಮಿಸ್ತ್ರಿಗಳ ಕೈಗೆ ಮೀರಿದ್ದಲ್ಲ.

ಮೊದಲು ನೋಡಬೇಕಾದದ್ದು ಭಾಗ ಬದಲಿಸಲೇಬೇಕೇ ಎಂಬುದನ್ನು. ಜಂಗು ಅಂಚಿನಲ್ಲಷ್ಟೇ ಇದ್ದರೆ ಆ ತುಂಡನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದೇ ಮೇಲು. ಅಸಲಿ ಮಡ್‌ಗಾರ್ಡಿನ ಬಾಗು ಆ ಗಾಡಿಗೆ ಎಂದೋ ಹೊಂದಿಕೊಂಡಿರುತ್ತದೆ. ಇದಕ್ಕೆ ಕಾನೂನಿನ ಕಾರಣವೂ ಉಂಟು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಷಾಸಿ, ಬಾಡಿ ಶೆಲ್, ಎಂಜಿನ್ ಮಾರ್ಪಾಡಾಗದೆ ಗಾಡಿ ಮೂಲರೂಪದಲ್ಲಿರಬೇಕು. ಹಾಗಾಗಿ ಬದಲಿಸುವುದೇ ಆದರೆ ಅದೇ ಮಾದರಿಯ ಭಾಗ ಹುಡುಕಿ. ಮಾರ್ಕ್ 1ರಿಂದ ಮಾರ್ಕ್ 4ರವರೆಗೆ ಗ್ರಿಲ್ಲು, ಮೂತಿ ಬದಲಾಗುತ್ತ ಬಂದಿವೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಕೋಲ್ಕತ್ತದ ಮಲ್ಲಿಕ್ ಬಜಾರ್‌ನಲ್ಲಿ ವಿಚಾರಿಸುವಾಗ ಕಾರಿನ ಇಸವಿಯನ್ನೂ ಮೂತಿಯ ಫೋಟೋವನ್ನೂ ಜೊತೆಗಿಟ್ಟುಕೊಳ್ಳಿ.

ಇನ್ನು ಜೋಡಣೆ. ಬಹಳ ಕಡೆ ಮೂತಿಯಿಂದ ಆರಂಭಿಸುತ್ತಾರೆ: ಗ್ರಿಲ್ ಕೂರಿಸಿ, ಬಂಪರ್ ಹಾಕಿ, ಆಮೇಲೆ ಮಡ್‌ಗಾರ್ಡನ್ನು ಹಿಂದಕ್ಕೆ ಎಳೆದು ಬಿಗಿಯುತ್ತಾರೆ. ಮುಂದೆ ಆದ ಎರಡು ಮಿ.ಮೀ. ತಪ್ಪು ಹಿಂದೆ ಬಾಗಿಲ ಸಂದಿಯಲ್ಲಿ ಬಂದು ಸೇರುತ್ತದೆ. ಬಾಗಿಲು ತೆಗೆದಾಗ ಅಂಚು ಕಿರ್ರೆಂದು ಬಣ್ಣ ಕೀಳುತ್ತದೆ. ಸರಿಯಾದ ಕ್ರಮ ಇದರ ತಿರುವುಮುರುವು. ಬಾಗಿಲಿನಿಂದ ಹೊರಟು ಮೂತಿಗೆ ಬರಬೇಕು.

ಆದ್ದರಿಂದ ಮಡ್‌ಗಾರ್ಡ್ ಮುಟ್ಟುವ ಮೊದಲೇ ಬಾಗಿಲನ್ನು ಪರೀಕ್ಷಿಸಬೇಕು. ಅರ್ಧ ತೆಗೆದು ಹಿಂದಿನ ತುದಿ ಹಿಡಿದು ಎತ್ತಿ ನೋಡಿ. ಬಾಗಿಲು ಮೇಲಕ್ಕೆ ಜಗ್ಗಿದರೆ ಹಿಂಜಿನ ಪಿನ್ನು ಸವೆದಿದೆ, ಅದನ್ನು ಮೊದಲು ಬದಲಿಸಿ. ಜೋತುಬಿದ್ದ ಬಾಗಿಲಿಗೆ ಮಡ್‌ಗಾರ್ಡ್ ಹೊಂದಿಸಿ, ಆಮೇಲೆ ಹಿಂಜು ರಿಪೇರಿ ಮಾಡಿದರೆ ಅಷ್ಟೂ ಕೆಲಸ ನೀರುಪಾಲು. ಗಾಡಿ ಸಪಾಟು ನೆಲದಲ್ಲಿ ತನ್ನ ನಾಲ್ಕು ಗಾಲಿಯ ಮೇಲೇ ನಿಂತಿರಲಿ. ಜಾಕ್ ಮೇಲೆ ಎತ್ತಿದರೆ ಬಾಡಿ ಸ್ವಲ್ಪ ತಿರುಚಿಕೊಂಡು ಸಂದಿಯ ಅಳತೆ ಸುಳ್ಳು ಹೇಳುತ್ತದೆ. ಎಂಜಿನ್ ಇಳಿಸಿದ್ದರೂ ಅದೇ ಗತಿ.

ಹಳೆ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಆಯಿಲ್ ಬಿಟ್ಟಿಡಿ. ಬಿಚ್ಚುವ ಮುಂಚೆ ಎರಡೂ ಬದಿಯ ಸಂದಿಗಳನ್ನು ಅಳೆದು ಬರೆದಿಟ್ಟುಕೊಳ್ಳಿ. ಹೊಸ ಮಡ್‌ಗಾರ್ಡ್ ಏರಿಸಿ ಎಲ್ಲ ಬೋಲ್ಟುಗಳನ್ನೂ ಬೆರಳಲ್ಲಿ ತಿರುಗುವಷ್ಟೇ ಹಾಕಿ. ಬಾಗಿಲು ಮುಚ್ಚಿ, ಮೇಲಿನಿಂದ ಕೆಳತನಕ ಸಂದಿ ಒಂದೇ ಸಮ ಬರುವಂತೆ ಸರಿಸಿ. ಇಂಥ ಕಾರಿಗೆ 4–5 ಮಿ.ಮೀ. ಇದ್ದರೆ ಸಾಕು. ಅಗತ್ಯವಿದ್ದಲ್ಲಿ ವಾಶರ್ ಕೊಟ್ಟು ಎತ್ತರಿಸಿ. ಆಮೇಲೆ ಬಾನೆಟ್ ಕೂರಿಸಿ, ಗಾಜಿನ ಕೆಳಗಿನ ಪಟ್ಟಿಗೆ ಮತ್ತು ಎರಡೂ ಮಡ್‌ಗಾರ್ಡಿಗೆ ಹೊಂದಿಸಿ. ಗ್ರಿಲ್, ಹೆಡ್‌ಲೈಟ್, ಬಂಪರ್ ಕೊನೆಗೆ. ಎಲ್ಲ ಒಪ್ಪಿದ ಮೇಲೆ ಬಾಗಿಲ ಕಡೆಯಿಂದ ಮುಂದಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ.

ಈಗ ಸಿಗುವ ನಕಲು ಭಾಗಗಳ ತೂತು ಕೂಡದಿರುವುದು ಸಾಮಾನ್ಯ. ಬೋಲ್ಟು ಬಿಗಿದು ಬಲವಂತವಾಗಿ ಎಳೆಯಬೇಡಿ. ತಗಡು ಬೇರೆ ಕಡೆ ಉಬ್ಬುತ್ತದೆ. ಅರದಿಂದ ತೂತನ್ನು ಉದ್ದ ಮಾಡಿ, ದೊಡ್ಡ ವಾಶರ್ ಹಾಕಿ. ವೆಲ್ಡಿಂಗ್ ಬೇಕಾದಲ್ಲಿ ಬ್ಯಾಟರಿ ಕಳಚಿ, ದೂರ ದೂರ ಚುಕ್ಕಿ ಇಡುತ್ತ ಆರಲು ಬಿಡಿ. 1 ಮೀಟರ್ ಉಕ್ಕು 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಸುತ್ತಲಿನ ತಣ್ಣನೆಯ ತಗಡು ಜಾಗ ಕೊಡದಿದ್ದಾಗ ಕಾದ ಭಾಗ ಸೊಟ್ಟಗಾಗಲೇಬೇಕು. ಆ ಸೊಟ್ಟನ್ನು ಪುಟ್ಟಿಯಿಂದ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ. ಎರಡು–ಮೂರು ಮಿ.ಮೀ.ಗಿಂತ ದಪ್ಪ ಪುಟ್ಟಿ ನಮ್ಮ ರಸ್ತೆಯ ಕುಲುಕಾಟಕ್ಕೆ ಬಿರಿದು ನೀರಿಗೆ ದಾರಿ ಮಾಡುತ್ತದೆ.

ಇಷ್ಟಾದ ಮೇಲೆ ಬಣ್ಣ ಹೊಡೆಯಲು ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಮಿಸ್ತ್ರಿಗೂ ಮಾಲೀಕರಿಗೂ ಬೇಸರ ತರುವ ಹಂತವಿದು, ಆದರೂ ಬಿಡುವಂತಿಲ್ಲ. ಹೊಸ ಭಾಗದ ಮೇಲಿನ ಕಪ್ಪು ಬಣ್ಣ ಸಾಮಾನ್ಯವಾಗಿ ಸಾಗಣೆಯಲ್ಲಿ ಜಂಗು ಹಿಡಿಯದಿರಲೆಂದು ಬಳಿದದ್ದು. ಅದನ್ನು ಉಜ್ಜಿ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಒಳಮೈಗೆ ಅಂಡರ್‌ಕೋಟಿಂಗ್ ಕೊಡುವುದನ್ನು ಮರೆಯಬೇಡಿ. ರಾಡಿ ಬಡಿಯುವುದು ಅಲ್ಲಿಗೇ. ಬೇಸಿಗೆಯಲ್ಲಿ ಕಲಬುರಗಿ ಜಿಲ್ಲೆಯ ಮಧ್ಯಾಹ್ನ 42 ಡಿಗ್ರಿ ದಾಟುತ್ತದೆ. ಆ ಹೊತ್ತಿನಲ್ಲಿ ಬಣ್ಣದ ಹನಿ ತಗಡಿಗೆ ತಲುಪುವ ಮುನ್ನವೇ ಅರ್ಧ ಒಣಗಿ ಮೈ ತರಿತರಿಯಾಗುತ್ತದೆ. ಬೆಳಗಿನ ತಂಪಿನಲ್ಲಿ, ನಿಧಾನವಾಗಿ ಆರುವ ಥಿನ್ನರ್ ಬೆರೆಸಿ ಹೊಡೆಯುವುದು ಒಳ್ಳೆಯದು.

ಬಿಚ್ಚಿದ ಹಳೆ ಭಾಗವನ್ನು ಹೊಸದು ಪೂರ್ತಿ ಕೂರುವವರೆಗೆ ಗುಜರಿಗೆ ಹಾಕಬೇಡಿ. ಹೆಡ್‌ಲೈಟ್ ಕೂರುವ ಬಟ್ಟಲಿನ ಓರೆ, ವೈರು ಹಾಯುವ ತೂತು, ಒಳಗಿನ ಬ್ರಾಕೆಟ್ಟಿನ ಜಾಗ ಇವೆಲ್ಲಕ್ಕೂ ಅಳತೆ ಸಿಗುವುದು ಅದರಲ್ಲೇ. ಎಷ್ಟೋ ಸಲ ಬ್ರಾಕೆಟ್ಟನ್ನೇ ಹಳೆಯದರಿಂದ ಕತ್ತರಿಸಿ ಹೊಸದಕ್ಕೆ ಬೆಸೆಯಬೇಕಾಗುತ್ತದೆ.