ಹಳೆ ಕೋವಿ ನೋಡುವ ವಿದ್ಯೆ

ಚನ್ನಗಿರಿಯ ಅಡಿಕೆ ತೋಟದ ಅಂಚಿಗೆ, ಹೊನ್ನಾಳಿ–ನ್ಯಾಮತಿಯ ಮೆಕ್ಕೆಜೋಳದ ಹೊಲಕ್ಕೆ, ಜಗಳೂರಿನ ಶೇಂಗಾ ಬೆಳೆಗೆ ಕಾಡುಹಂದಿಯ ಕಾಟ ತಪ್ಪಿದ್ದಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ಈ ಸೀಮೆಯ ಮನೆಗಳಲ್ಲಿ ಇರುವುದು ಅದಕ್ಕೇ. ಇವುಗಳಲ್ಲಿ ಹಲವು ಅಜ್ಜನಿಂದ ಅಪ್ಪನಿಗೆ, ಒಂದೂರಿನಿಂದ ಇನ್ನೊಂದೂರಿಗೆ ಕೈ ಬದಲಾಯಿಸುತ್ತ ಬಂದವು. ಹಳೆ ಕೋವಿ ಕೊಳ್ಳುವವರ ಕಣ್ಣು ಸಾಮಾನ್ಯವಾಗಿ ಎರಡು ಗುಣಗಳ ಮೇಲೆ ಬೀಳುತ್ತದೆ: ನಳಿಗೆಯ ಮೇಲೆ ಕೆತ್ತಿದ ವಿಲಾಯತಿ ಹೆಸರು, ಮತ್ತು ಎತ್ತಿ ಹೆಗಲಿಗಿಟ್ಟಾಗ ಸಿಗುವ ಹಗುರ. ಈ ಎರಡನ್ನೂ ಕಟ್ಟಕಡೆಗೆ ನೋಡಬೇಕು. ಮೊದಲು ಕಾಗದ, ಆಮೇಲೆ ನಳಿಗೆಯ ಗೋಡೆ. ಇವೆರಡು ಸರಿಯಿಲ್ಲದಿದ್ದರೆ ಹೆಸರಿಗೂ ಹಗುರಕ್ಕೂ ಬೆಲೆ ಕಟ್ಟುವ ಪ್ರಶ್ನೆಯೇ ಏಳುವುದಿಲ್ಲ.

ಹೆಸರಿನ ಮೋಹಕ್ಕೆ ಕಾರಣಗಳಿವೆ. ಕಲ್ಕತ್ತೆಯ ಮ್ಯಾಂಟನ್, ರೊಡ್ಡಾ, ಮದರಾಸಿನ ಪಿ. ಓರ್ ಅಂಡ್ ಸನ್ಸ್ ಅಂಗಡಿಗಳು ಬ್ರಿಟಿಷರ ಕಾಲದಲ್ಲಿ ಕೋವಿ ಮಾರುತ್ತಿದ್ದವು. ಗಿರಾಕಿಯ ತೋಳಿನ ಅಳತೆ ತೆಗೆದು ಬರ್ಮಿಂಗ್‌ಹ್ಯಾಮ್, ಲಂಡನ್ನುಗಳಲ್ಲಿ ಕೋವಿ ಮಾಡಿಸುವ ಪದ್ಧತಿಯೂ ಇತ್ತು. ಬೇಟೆಯ ಕಥೆಗಳೂ ಆ ಮೋಹವನ್ನು ಬೆಳೆಸಿದವು. ಕೆನೆತ್ ಆ್ಯಂಡರ್ಸನ್ 1954ರ ತಮ್ಮ ಪುಸ್ತಕದಲ್ಲಿ ಚನ್ನಗಿರಿಗೆ ತಾಗಿದ ಹೊಳಲ್ಕೆರೆ–ಹೊಸದುರ್ಗ ಸೀಮೆಯ ನರಭಕ್ಷಕನ ಬಗ್ಗೆ ಬರೆದರು, ಅವರ .405 ವಿಂಚೆಸ್ಟರ್ ರೈಫಲ್ ಅವರಷ್ಟೇ ಹೆಸರಾಯಿತು. ಲೇಖಕ ತೇಜಸ್ವಿಯವರ ಕನ್ನಡ ಅನುವಾದಗಳ ಮೂಲಕ ಆ ಕಾಡು ನಮ್ಮ ಮನೆಯೊಳಗೇ ಬಂತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಮೋಜಿನ ಬೇಟೆಗೆ ಜಾಗವಿಲ್ಲ, ಇರಲೂ ಬಾರದು. ಹಗುರವಾದ ಬೇಟೆ ರೈಫಲ್ ಇಂದು ಈ ಭಾಗದ ರೈತರ ಪ್ರಶ್ನೆಯೂ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆ ಮೊದಲು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳಗೆ ತಿರುಪು ಗೆರೆಗಳಿಲ್ಲದ ನುಣುಪು ನಳಿಗೆಯ ಬೇರೆ ಕೋವಿಯನ್ನು. ರೈಫಲ್ ಕೊಳ್ಳಲು ಬೇರೆ ಪರವಾನಗಿ ಇರುವವರ ಮುಂದೆ ಹೆಚ್ಚಾಗಿ ಬರುವುದು ಆರ್ಡ್‌ನೆನ್ಸ್ ಫ್ಯಾಕ್ಟರಿಯ .315. ಅದರಲ್ಲಿ ಬೋಲ್ಟಿನ ಮೇಲಿನ ನಂಬರು ಮತ್ತು ಮೈಮೇಲಿನ ನಂಬರು ಒಂದೇ ಇರಬೇಕು. ಬೇರೆ ರೈಫಲಿನ ಬೋಲ್ಟ್ ಹಾಕಿದ್ದರೆ ತೋಟಾದ ಬೆನ್ನಿಗೆ ಸರಿಯಾದ ಆಸರೆ ಸಿಗದೆ ಹೋಗಬಹುದು.

ಕಾಗದದ ವಿಷಯ ಬೇಸರದ್ದು, ಆದರೆ ಬಿಡುವಂತಿಲ್ಲ. ತಯಾರಕರ ಹೆಸರು, ನಂಬರು ಅಥವಾ ಗುರುತಿನ ಮುದ್ರೆ ಇಲ್ಲದ ಕೋವಿಯನ್ನು ಮಾರುವುದೇ ಅಪರಾಧ. ಪರವಾನಗಿಯಲ್ಲಿ ಬರೆದ ನಂಬರನ್ನು ಲೋಹದ ಮೇಲೆ ಬೆರಳಿಟ್ಟು ಓದಬೇಕು. ಅರ ಹಾಕಿ ಉಜ್ಜಿದ ಗುರುತು, ಹೊಸದಾಗಿ ಕುಟ್ಟಿದ ಅಂಕಿ ಕಂಡರೆ ಮಾತು ಅಲ್ಲಿಗೇ ಮುಗಿಯಬೇಕು. ನಳಿಗೆಯನ್ನು ಯಾರೋ ಕತ್ತರಿಸಿ ಗಿಡ್ಡ ಮಾಡಿದ್ದರೆ ಅದೂ ಕಾನೂನಿನ ತೊಡಕೇ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಜಗಳೂರಿನವರಿಗೆ ಇನ್ನೊಂದು ಮಾತು ಮುಖ್ಯ. ಕೊಂಡುಕುರಿಗೆಂದೇ ಘೋಷಿಸಿದ ರಂಗಯ್ಯನದುರ್ಗ ವನ್ಯಧಾಮ ಅಲ್ಲಿದೆ. ವನ್ಯಧಾಮದ 10 ಕಿಲೊಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು, ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕು. ಕೋವಿಗೆ ಮುಂಗಡ ಕೊಟ್ಟ ಮೇಲೆ ಇದು ಗೊತ್ತಾದರೆ ಪ್ರಯೋಜನವಿಲ್ಲ.

ಈಗ ನಳಿಗೆ. ಕೋವಿ ಖಾಲಿಯಿದೆಯೆಂದು ಖಚಿತ ಮಾಡಿಕೊಂಡು, ನಳಿಗೆಯನ್ನು ಬಿಚ್ಚಿ, ಅದರ ಬುಡದ ಕೆಳಗಿನ ಚಪ್ಪಟೆ ಭಾಗವನ್ನು ತಿರುಗಿಸಿದರೆ ಸಣ್ಣ ಸಣ್ಣ ಮುದ್ರೆಗಳು ಕಾಣುತ್ತವೆ. ಕೋವಿಯ ನಿಜವಾದ ಜಾತಕ ಅಲ್ಲಿದೆ, ಮೇಲಿನ ಕೆತ್ತನೆಯಲ್ಲಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ ಸಂಸತ್ತಿನ ಕಾಯ್ದೆಯಡಿಯ ಪರೀಕ್ಷಾಲಯವಿದೆ. ಹೆಚ್ಚುವರಿ ಮದ್ದು ತುಂಬಿ ಹಾರಿಸಿ, ಒಡೆಯದ ನಳಿಗೆಗಷ್ಟೇ ಮುದ್ರೆ. ಕಿರೀಟದ ಕೆಳಗೆ ಎನ್‌ಪಿ ಅಕ್ಷರಗಳಿದ್ದರೆ ಹೊಗೆಯಿಲ್ಲದ ಆಧುನಿಕ ಮದ್ದಿಗೆ ಪರೀಕ್ಷೆಯಾಗಿದೆ ಎಂದರ್ಥ. ಆ ಗುರುತಿಲ್ಲದ ಹಳೆಯ ನಳಿಗೆ ಕರಿಮದ್ದಿನ ಕಾಲದ್ದಾಗಿರಬಹುದು, ಅದಕ್ಕೆ ಇಂದಿನ ತೋಟಾ ಹಾಕಬಾರದು. ಬೆಲ್ಜಿಯಂನ ಲೀಜ್ ನಗರದ ಮುದ್ರೆಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಇಎಲ್‌ಜಿ ಎಂದಿರುತ್ತದೆ. ಇನ್ನು ಕೆಲವು ಬ್ರಿಟಿಷ್ ಕೋವಿಗಳಲ್ಲಿ 13/1 ಎಂಬ ಅಂಕಿ ಸಿಗುತ್ತದೆ: ಮುದ್ರೆ ಹೊಡೆದ ದಿನ ನಳಿಗೆಯ ಒಳವ್ಯಾಸ .719 ಇಂಚಿನ ಮೇಲೆ, .729ರ ಕೆಳಗೆ ಇತ್ತು ಎಂಬ ದಾಖಲೆ. ಇಂದು ಅಳೆದಾಗ .735 ಬಂದರೆ, ತುಕ್ಕಿನ ಗುಳಿಗಳನ್ನು ಮುಚ್ಚಲು ಯಾರೋ ಒಳಗೆ ಉಜ್ಜಿ ಲೋಹ ತೆಗೆದಿದ್ದಾರೆ. ಕನ್ನಡಿಯಂತೆ ಹೊಳೆಯುವ ನಳಿಗೆ ಕಂಡು ಹಿಗ್ಗುವ ಗಿರಾಕಿಗೆ ಆ ಹೊಳಪೇ ಎಚ್ಚರಿಕೆಯಾಗಬೇಕು. ಸಾಮಾನ್ಯವಾಗಿ ಗೋಡೆಯ ದಪ್ಪ ಎಲ್ಲೂ 0.5 ಮಿಲಿಮೀಟರಿಗಿಂತ ಕಡಿಮೆ ಇರಕೂಡದೆಂದು ಅನುಭವಿ ಕೋವಿಗಾರರು ಹೇಳುತ್ತಾರೆ. ಇದನ್ನು ಕಣ್ಣು ಹೇಳಲಾರದು, ಗೇಜ್ ಬೇಕು.

ಕಣ್ಣಿನಿಂದ ತಿಳಿಯುವುದೂ ಕಡಿಮೆಯೇನಲ್ಲ. ನಳಿಗೆಯನ್ನು ಕಿಟಕಿಯತ್ತ ಹಿಡಿದು ಒಳಗೆ ನೋಡಿದರೆ ಕಿಟಕಿ ಚೌಕಟ್ಟಿನ ನೆರಳು ನೇರ ಗೆರೆಯಾಗಿ ಓಡಬೇಕು. ಎಲ್ಲಾದರೂ ಕಪ್ಪು ಬಳೆಯಂಥ ಮುರಿತ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಜೋಡು ನಳಿಗೆಯನ್ನು ದಾರದಲ್ಲಿ ತೂಗಿ ಗೆಣ್ಣಿನಿಂದ ತಟ್ಟಿದಾಗ ದನಿ ಉದ್ದಕ್ಕೆ ಎಳೆಯಬೇಕು, ಬಡಿದ ಸದ್ದು ಬಂದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ. ನಳಿಗೆಯ ಕೆಳಗೆ ಎಡಗೈ ಹಿಡಿಯುವ ಕಟ್ಟಿಗೆಯನ್ನು ತೆಗೆದು ಕೋವಿ ಮುಚ್ಚಿ ಅಲುಗಾಡಿಸಬೇಕು. ಕಟ್ಟಿಗೆ ಇದ್ದಾಗ ಅದರ ಒತ್ತಡವೇ ಸಡಿಲನ್ನು ಮುಚ್ಚಿಡುತ್ತದೆ. ಎಲ್ಲಕ್ಕಿಂತ ಅಪಾಯದ ಮೋಸ ತೋಟಾ ಕೂರುವ ಕೋಣೆಯದು. ಹಳೆಯ 12 ಬೋರ್ ಕೋವಿಗಳಲ್ಲಿ ಹಲವಕ್ಕೆ 65 ಮಿಲಿಮೀಟರ್ ಕೋಣೆ. ಮಡಚಿದ ಬಾಯಿಯ 70 ಮಿಲಿಮೀಟರ್ ತೋಟಾ ಅದರಲ್ಲಿ ಯಾವ ತಡೆಯೂ ಇಲ್ಲದೆ ಕೂರುತ್ತದೆ. ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ತೋಟಾ ಕೂತಿತು ಎಂಬುದು ತೋಟಾ ಹೊಂದಿತು ಎಂಬುದಕ್ಕೆ ಸಾಕ್ಷಿಯಲ್ಲ.

ಇನ್ನು ಹಗುರ. ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಡಬ್ಲ್ಯು. ಗ್ರೀನರ್ ಹೇಳಿದ ಲೆಕ್ಕ ಇಂದಿಗೂ ನಿಲ್ಲುತ್ತದೆ: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. 6 ಪೌಂಡಿನ, ಅಂದರೆ ಸುಮಾರು 2.7 ಕಿಲೊ ಕೋವಿಗೆ 28 ಗ್ರಾಂ ಚರೆ ಸರಿ. ಅದರಲ್ಲೇ 36 ಗ್ರಾಂ ಭಾರದ ತೋಟಾ ಹಾರಿಸಿದರೆ ಹೆಗಲಿಗೆ ಏಟು, ಕೀಲುಗಳಿಗೆ ಸವೆತ. ಒಳ್ಳೆಯ ಕಮ್ಮಾರ ತೂಕವನ್ನು ಲೆಕ್ಕ ಹಾಕಿ ಇಳಿಸುತ್ತಾನೆ: ಬುಡದಲ್ಲಿ ದಪ್ಪ, ಮುಂದಕ್ಕೆ ತೆಳು. ಉಜ್ಜಿ ಹಗುರಾದ ಕೋವಿಯೂ ತಕ್ಕಡಿಯಲ್ಲಿ ಅಷ್ಟೇ ತೂಗುತ್ತದೆ. ಹೇಳಿ ಮಾಡಿಸಿದ ಕೋವಿಗೆ ಇನ್ನೂ ಒಂದು ತೊಡಕು: ಅದು ಬೇರೆಯವರ ಮೈಗೆ ಹೊಲಿಸಿದ ಅಂಗಿ. ಹಿಡಿಯ ಉದ್ದ, ಬಾಗು ಕೊಂಡವರಿಗೆ ಒಗ್ಗದಿದ್ದರೆ ಕೈಗೆಲಸದ ಸೊಗಸು ಗುರಿಗೆ ಬಾರದು.

"ಅಜ್ಜ 40 ವರ್ಷ ಹಾರಿಸಿದರು, ಏನೂ ಆಗಲಿಲ್ಲವಲ್ಲ" ಎಂಬ ಮಾತು ಕೇಳಿಬರುತ್ತದೆ. ಅದು ಆ 40 ವರ್ಷಕ್ಕೆ ಸಾಕ್ಷಿ, ಮುಂದಿನ ಈಡಿಗೆ ಅಲ್ಲ. ಸವೆತ ದಿನದಿನಕ್ಕೆ ಕೂಡುತ್ತ ಹೋಗುತ್ತದೆ. ಬರೀ ಹೆದರಿಸಲು ಬೇಕಾದ ಕೋವಿಗೆ ಇಷ್ಟು ಪರೀಕ್ಷೆ ಯಾಕೆ ಎನ್ನುವವರೂ ಇದ್ದಾರೆ. ಹಂದಿಯನ್ನು ಕೊಲ್ಲಲು ಪರವಾನಗಿಯ ಕೋವಿಯೊಂದೇ ಸಾಲದು, ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಸದ್ದು ಮಾಡಿ ಓಡಿಸುವುದೇ ಹೆಚ್ಚು, ನಿಜ. ಆದರೆ ಆಕಾಶಕ್ಕೆ ಹಾರಿಸಿದರೂ ತೋಟಾದ ಒತ್ತಡ ಅಷ್ಟೇ, ತೆಳುವಾದ ಗೋಡೆಯ ಪಕ್ಕದಲ್ಲಿರುವುದು ಹಾರಿಸುವವರ ಎಡಗೈ. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಇನ್ನೂ ಎಚ್ಚರ ಬೇಕು. ಮದ್ದು ಜಡಿಯುವ ಗಜವನ್ನು ನಳಿಗೆಯೊಳಗೆ ಇಳಿಸಿ, ಬಾಯಿ ಬಳಿ ಗುರುತು ಮಾಡಿ, ಹೊರಗೆ ನಳಿಗೆಯ ಪಕ್ಕದಲ್ಲಿಟ್ಟು ನೋಡಬೇಕು. ಗಜ ಬುಡ ಮುಟ್ಟದಿದ್ದರೆ ಹಳೆಯ ಮದ್ದು ಒಳಗೇ ಉಳಿದಿರಬಹುದು.

ಇಷ್ಟೆಲ್ಲ ಅಳೆಯಲು ಹಳ್ಳಿಯಲ್ಲಿ ಸಾಧನವಿಲ್ಲ ಎಂಬ ಆಕ್ಷೇಪಕ್ಕೆ ಹುರುಳಿದೆ. ಅದಕ್ಕೆ ಕಾಯ್ದೆಯೇ ಸಮಯ ಕೊಟ್ಟಿದೆ: ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರೆದು ತಿಳಿಸಿ 45 ದಿನ ಕಳೆಯದೆ ಕೋವಿ ಕೈ ಬದಲಾಗುವಂತಿಲ್ಲ. ಆ ಅವಧಿಯಲ್ಲಿ ಮಾರುವವರೇ ತಮ್ಮ ಪರವಾನಗಿಯೊಂದಿಗೆ ಅದನ್ನು ಪರವಾನಗಿಯಿರುವ ರಿಪೇರಿ ಅಂಗಡಿಗೆ ಒಯ್ದು, ಒಳವ್ಯಾಸ, ಗೋಡೆಯ ದಪ್ಪ, ಕೋಣೆಯ ಉದ್ದ ಮೂರನ್ನೂ ಅಳೆಸಿ ಚೀಟಿಯಲ್ಲಿ ಬರೆಸಿ ತರಲಿ. ಚೀಟಿ ತರಲು ಒಪ್ಪದವರಿಗೆ ಮುಂಗಡ ಕೊಡಬೇಡಿ.